ನಂಜು, ಚಿಕ್ಕಿ ಮತ್ತು ಒಂದು ಸೂಜಿ

ಚಳ್ಳಕೆರೆ ಕಡೆ ಏನಾದರೂ ತಿಂದು ಮಗುವಿಗೆ ದದ್ದು ಎದ್ದರೆ ‘ನಂಜಾಗಿದೆ’ ಅನ್ನುತ್ತಾರೆ. ಎರಡು ದಿನ ಪಥ್ಯ ಮಾಡಿಸಿ ಸುಮ್ನಾಗುತ್ತಾರೆ. ಎಷ್ಟೋ ಸಲ ಅಷ್ಟೇ ಸಾಕು. ಆದರೆ ಒಮ್ಮೊಮ್ಮೆ ಅದೇ ನಂಜಿಗೆ ತುಟಿ, ನಾಲಿಗೆ ಊದುತ್ತವೆ, ಉಸಿರು ಕಟ್ಟುತ್ತದೆ, ನಿಮಿಷಗಳಲ್ಲೇ ಜೀವಕ್ಕೆ ಕುತ್ತು ಬರುತ್ತದೆ. ವೈದ್ಯರು ಇದನ್ನು ಅನಾಫಿಲಾಕ್ಸಿಸ್ ಎನ್ನುತ್ತಾರೆ.

ಈ ಹೆಸರು ಹುಟ್ಟಿದ್ದು 1902ರಲ್ಲಿ, ಫ್ರಾನ್ಸ್‌ನಲ್ಲಿ. ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು ಕಡಲ ಜೀವಿಯ ವಿಷವನ್ನು ನಾಯಿಗಳಿಗೆ ಸ್ವಲ್ಪ ಸ್ವಲ್ಪ ಕೊಟ್ಟು ಒಗ್ಗಿಸಲು ಹೊರಟಿದ್ದರು. ಆದದ್ದು ಉಲ್ಟಾ. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರ ಬಿಟ್ಟು ಮತ್ತೆ ಚೂರು ಕೊಟ್ಟಾಗ ಸತ್ತೇಹೋಯಿತು. ‘ಹೋದ ಸಲ ತಿಂದಾಗ ಏನೂ ಆಗಿರಲಿಲ್ಲವಲ್ಲ’ ಅನ್ನುತ್ತೇವಲ್ಲ, ಅದಕ್ಕೆ ಆ ನಾಯಿಯೇ ಉತ್ತರ. ರಿಶೆಗೆ 1913ರಲ್ಲಿ ನೊಬೆಲ್ ಬಂತು.

ಮದ್ದಂತೂ ಇನ್ನೂ ಹಳೆಯದು. 1901ರ ಹೊತ್ತಿಗೇ ಜಪಾನಿನ ರಸಾಯನಶಾಸ್ತ್ರಜ್ಞ ಜೊಕಿಚಿ ತಕಮಿನೆ ಆ ಮದ್ದನ್ನು, ಅಂದರೆ ಅಡ್ರಿನಾಲಿನ್ ಅನ್ನು, ಬೇರ್ಪಡಿಸಿದ್ದರು. ತೊಡೆಗೆ ಒತ್ತಿದರೆ ತಾನೇ ಈ ಮದ್ದು ಚುಚ್ಚುವ ಪೆನ್ ಬಂದದ್ದು ಮಾತ್ರ ಬಹಳ ತಡವಾಗಿ. ವಿಷಾನಿಲದ ದಾಳಿಯಾದರೆ ಸೈನಿಕರು ತಾವೇ ಚುಚ್ಚಿಕೊಳ್ಳಲೆಂದು ಮಾಡಿದ್ದ ಸಾಧನವನ್ನು ತಿದ್ದಿ ಮಾಡಿದ ಎಪಿಪೆನ್‌ಗೆ ಅಮೆರಿಕ 1987ರಲ್ಲಿ ಒಪ್ಪಿಗೆ ಕೊಟ್ಟಿತು. ಶಾಲೆಗಳು ಇದನ್ನು ಇಟ್ಟುಕೊಳ್ಳಲಿ ಎಂದು ಅಲ್ಲಿ 2013ರಲ್ಲಿ ಕಾನೂನೂ ಬಂತು. ಬ್ರಿಟನ್ನಿನಲ್ಲಿ 2017ರಿಂದ ಶಾಲೆಗಳು ಹೆಚ್ಚುವರಿ ಪೆನ್ ಇಡಬಹುದು.

ನಮ್ಮ ಕಥೆ ಬೇರೆ. ಚಳ್ಳಕೆರೆಯೆಂದರೆ ಶೇಂಗಾ, ಎಣ್ಣೆ ಮಿಲ್ಲು. ಚಟ್ನಿಪುಡಿಯಲ್ಲೂ ಶೇಂಗಾ, ಒಗ್ಗರಣೆಯಲ್ಲೂ ಅದೇ. ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾದಾಗ, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ ಎಂದಾಯಿತು. ಗಲಾಟೆಯೆಲ್ಲ ಯಾರು ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ ಎಂಬುದರ ಸುತ್ತಲೇ ನಡೆಯಿತು. ಯಾರ ಮೈಗೆ ಆಗುವುದಿಲ್ಲ ಎಂಬುದು ಚರ್ಚೆಗೆ ಬಂದದ್ದೇ ಕಡಿಮೆ. ಮೊಟ್ಟೆ, ಶೇಂಗಾ ಎರಡೂ ಮಕ್ಕಳಲ್ಲಿ ಅಲರ್ಜಿ ತರುವ ಪದಾರ್ಥಗಳೇ ಅಲ್ವಾ?

ಮದ್ದು ಇಲ್ಲೂ ಇದೆ, ದುಬಾರಿಯೂ ಅಲ್ಲ. ಆದರೆ ಅದು ಆಂಪ್ಯೂಲ್ ಎಂಬ ಪುಟ್ಟ ಗಾಜಿನ ಸೀಸೆಯಲ್ಲಿರುತ್ತದೆ. ಮಗುವಿನ ತೂಕಕ್ಕೆ ಕಿಲೋಗೆ 0.01 ಮಿಲಿಗ್ರಾಂನಂತೆ ಸಿರಿಂಜಿಗೆ ಎಳೆದು ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಕೊಡಬೇಕು. ಮೇಷ್ಟ್ರು ಮಾಡುವ ಕೆಲಸವಲ್ಲ ಅದು. ಪೆನ್ ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸುಲಭಕ್ಕೆ ಸಿಗದು. ಹಾಗಾಗಿ ಕೈಗೆ ಬರುವುದು ಅಲರ್ಜಿಗೆ ನುಂಗುವ ಅವಿಲ್ ಮಾತ್ರೆ. ಅದರಿಂದ ತುರಿಕೆ ಇಳಿಯುತ್ತದೆ, ಕಟ್ಟಿದ ಉಸಿರು ಬಿಡುವುದಿಲ್ಲ.

ಇನ್ನೊಂದು ರೂಢಿಯಿದೆ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಓಡುವುದು. ರಕ್ತದೊತ್ತಡ ಕುಸಿದಿರುವಾಗ ಹೀಗೆ ನೆಟ್ಟಗೆ ಕೂರಿಸುವುದೇ ಅಪಾಯ. 108ಕ್ಕೆ ಫೋನ್ ಮಾಡಿ ಮಗುವನ್ನು ಮಲಗಿಸಿ, ಕಾಲು ಎತ್ತಿಡಬೇಕು. ಉಸಿರಾಡಲು ಕಷ್ಟವಾದರೆ ಮಾತ್ರ ಒರಗಿಸಿ ಕೂರಿಸಬಹುದು. ಗಾಡಿ ಬಂತೆಂದು ಗೇಟಿನವರೆಗೆ ನಡೆಸಿಕೊಂಡು ಹೋಗಬಾರದು.