ಹುಳುಮನೆಯ ಕಿಟಕಿ

ಶಿಡ್ಲಘಟ್ಟದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವ ಮನೆಗೆ ಸುಮ್ಮನೆ ಕಾಲಿಡುವಂತಿಲ್ಲ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದ ಗೋಣಿತಾಟು ಬಾಗಿಲಲ್ಲೇ ಹಾಸಿರುತ್ತದೆ. ಅದರ ಮೇಲೆ ಪಾದ ಒತ್ತಿ, ಕೈ ತೊಳೆದು ಒಳಗೆ ಹೋಗಬೇಕು. ತಮ್ಮ ಹುಳುವಿಗೆ ಹಾಲುರೋಗ ಬಂದಿರುವವರು ನೆಂಟರೇ ಆದರೂ ಹೊಸ್ತಿಲಾಚೆ ನಿಂತು ಮಾತಾಡಿ ಹೋಗುತ್ತಾರೆ. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ.

2020ರ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನ್ ಆದಾಗ ಚಿಕ್ಕಪ್ಪ ಅಂಥದೇ ಒಂದು ಗೋಣಿತಾಟನ್ನು ನೆನೆಸಿ ನಾವು ಮಲಗುವ ಮನೆಯ ಬಾಗಿಲಿಗೂ ಹಾಕಿದರು. ಆಮೇಲೆ ಬೀದಿ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿ ಚಿಲಕ ಹಾಕಿದರು. ತಾಟು ಹುಳುಮನೆಯಿಂದ ಬಂದ ಬುದ್ಧಿ. ಕಿಟಕಿ ಮುಚ್ಚುವುದು ಮಾತ್ರ ಹುಳುಮನೆಯಲ್ಲಿ ಅವರು ಎಂದೂ ಮಾಡದ ಕೆಲಸ.

ಹಾಲುರೋಗಕ್ಕೂ ವೈರಸ್ಸೇ ಕಾರಣ. ಆದರೆ ಆ ವೈರಸ್ ಪ್ರೋಟೀನಿನ ಹರಳೊಂದರಲ್ಲಿ ಹುದುಗಿಕೊಂಡಿರುತ್ತದೆ. ಸತ್ತ ಹುಳುವಿನಿಂದ ಸೋರುವ ಹಾಲಿನಂಥ ರಸ ತಟ್ಟೆಗೋ ನೆಲಕ್ಕೋ ಅಂಟಿ ಒಣಗಿದರೂ ಹರಳು ಕೆಡುವುದಿಲ್ಲ, ವರ್ಷಗಟ್ಟಲೆ ಕಾದಿರಬಲ್ಲದು. ಸೊಪ್ಪಿನ ಜೊತೆ ಇನ್ನೊಂದು ಹುಳುವಿನ ಹೊಟ್ಟೆ ಸೇರಿದಾಗ ಅಲ್ಲಿನ ಕ್ಷಾರಕ್ಕೆ ಹರಳು ಕರಗಿ ವೈರಸ್ ಹೊರಬರುತ್ತದೆ. ಹಾಗಾಗಿಯೇ ಒಂದು ಬೆಳೆ ಮುಗಿದ ಮೇಲೆ ಶೇ 2ರ ಬ್ಲೀಚಿಂಗ್ ಪುಡಿ, ಶೇ 0.3ರ ಅರಳಿದ ಸುಣ್ಣ ಬೆರೆಸಿದ ನೀರಿನಿಂದ ಗೋಡೆ, ನೆಲ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲವನ್ನೂ ತೋಯಿಸುತ್ತೇವೆ. ಹುಳುಮನೆಯಲ್ಲಿ ಶತ್ರು ಇರುವುದು ಮುಟ್ಟುವ ವಸ್ತುವಿನಲ್ಲಿ, ತಿನ್ನುವ ಸೊಪ್ಪಿನಲ್ಲಿ.

ಕೊರೊನಾ ವೈರಸ್‌ಗೆ ಇಂಥ ಗಟ್ಟಿ ಹರಳಿಲ್ಲ. ಸುಮಾರು 100 ನ್ಯಾನೊಮೀಟರ್ ಅಗಲದ ಆ ಕಣಕ್ಕೆ ಹೊದಿಕೆ ಕೊಬ್ಬಿನ ತೆಳು ಪದರವೊಂದೇ. ಬಾಣಲೆಯ ಜಿಡ್ಡು ಬಿಡಿಸುವ ಸೋಪು ಅದನ್ನೂ ಒಡೆದು ಹಾಕುತ್ತದೆ. 20 ಸೆಕೆಂಡು ಕೈ ಉಜ್ಜಿದರೆ ಸಾಕು. ಇನ್ನು ಪಾದದಿಂದ ಶ್ವಾಸಕೋಶಕ್ಕೆ ಅದು ಹತ್ತುವ ದಾರಿ ಎಲ್ಲಿದೆ? ಸೋಂಕು ಅಂಟಿದ ವಸ್ತುವನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಂಭವ ಸಾಮಾನ್ಯವಾಗಿ 10,000ದಲ್ಲಿ ಒಂದಕ್ಕಿಂತಲೂ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ನಾವು ಅಷ್ಟರಲ್ಲಿ ಒಂದು ವರ್ಷದಿಂದ ತರಕಾರಿಯನ್ನೂ ನೋಟನ್ನೂ ತೊಳೆಯುತ್ತಿದ್ದೆವು.

ವೈರಸ್ ಇದ್ದದ್ದು ಉಸಿರಿನಲ್ಲಿ. ಮಾತಾಡುವಾಗ, ಸುಮ್ಮನೆ ಉಸಿರು ಬಿಡುವಾಗಲೂ ಹೊರಬರುವ ಅತಿ ಸಣ್ಣ ಹನಿಗಳು ನೆಲಕ್ಕೆ ಬೀಳದೆ ಊದುಬತ್ತಿಯ ಹೊಗೆಯಂತೆ ತೇಲುತ್ತವೆ. ಬಯಲಿನಲ್ಲಿ ಚದುರಿಹೋಗುತ್ತವೆ, ಮುಚ್ಚಿದ ಕೋಣೆಯಲ್ಲಿ ಗಳಿಗೆ ಗಳಿಗೆಗೂ ದಟ್ಟವಾಗುತ್ತವೆ. ಇದು ಗಾಳಿಯಲ್ಲಿ ಹರಡುವ ರೋಗವಲ್ಲ ಎಂದು 2020ರ ಮಾರ್ಚ್‌ನಲ್ಲಿ ಸಾರಿದ್ದ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆ ಮಾತನ್ನು ತಿದ್ದಿಕೊಂಡಿತು. ತಿದ್ದಿಕೊಂಡದ್ದು ದೊಡ್ಡತನವೇ, ಆದರೆ ತಡವಾಯಿತು ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ಗಾಳಿಯ ಪಾಠವೂ ಹುಳುಮನೆಯಲ್ಲಿತ್ತು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ‘ಜ್ವರ’ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ತನ್ನ ಆಯುಷ್ಯದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಸೊಪ್ಪಿನ ತೇವ, ಹಿಕ್ಕೆಯ ಕಾವು, ಮೂಗಿಗೆ ಹೊಡೆಯುವ ಘಾಟು ಎಲ್ಲ ಸೇರಿ ಒಳಗೆ ಉಸಿರು ಕಟ್ಟುತ್ತದೆ. ಆಗ ಎದುರುಬದುರು ಕಿಟಕಿ ತೆರೆದಿರಲೇಬೇಕು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ನುಗ್ಗದಿರಲೆಂದು ನೈಲಾನ್ ಪರದೆ ಕಟ್ಟುತ್ತೇವೆಯೇ ಹೊರತು ಗಾಳಿ ತಡೆಯುವುದಿಲ್ಲ.

ಇನ್ನೊಂದು ಪಾಠ ಮೊಟ್ಟೆಯದು. ರೇಷ್ಮೆ ಹುಳುವಿನ ಗಂಟುರೋಗದ ಬೆನ್ನು ಹತ್ತಿ ಲೂಯಿ ಪಾಶ್ಚರ್ 1865ರಲ್ಲಿ ಫ್ರಾನ್ಸಿನ ದಕ್ಷಿಣಕ್ಕೆ ಹೋದರು. ನೋಡಲು ಚೆನ್ನಾಗಿರುವ ಮೊಟ್ಟೆಯಲ್ಲೂ ರೋಗ ಇರಬಹುದೆಂದು ಕಂಡುಕೊಂಡು, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಹಾಕಿಕೊಟ್ಟರು. ರೈತರಿಗೆ ಹುಳುವಿನ ಮೊಟ್ಟೆ ತಯಾರಿಸಿ ಕೊಡುವ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಅದೇ ನಡೆಯುತ್ತಿದೆ. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡುವ ಕೋವಿಡ್‌ನಲ್ಲೂ ಚೆನ್ನಾಗಿ ಕಾಣುವವರನ್ನು ಏಕೆ ಪರೀಕ್ಷೆ ಮಾಡುತ್ತಿದ್ದರು ಎಂಬುದನ್ನು ನಮ್ಮೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಯಲ್ಲೇ ಇರಿ ಎಂಬುದೊಂದನ್ನು ಪಾಲಿಸಲಾಗಲಿಲ್ಲ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ಬೆಳೆ ಹಾಳಾಗುತ್ತದೆ. ಮಾಸ್ಕ್ ಕಟ್ಟಿಕೊಂಡು ಮಾರುಕಟ್ಟೆಗೆ ಹೋದೆವು.

2021ರ ಮೇ ತಿಂಗಳಲ್ಲಿ ಚಿಕ್ಕಮ್ಮನಿಗೆ ಸೋಂಕು ಎಂದು ಗೊತ್ತಾದ ಸಂಜೆ, ನಾನು ಚಿಕ್ಕಪ್ಪನಿಗೆ, “ಒಳಗಿರುವ ನಾವಿಷ್ಟು ಜನ ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಎಂದುಕೊಳ್ಳಿ” ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ವರ್ಷದಿಂದ ಬಿಗಿದಿದ್ದ ಚಿಲಕಗಳನ್ನು ಸುತ್ತಿಗೆಯಿಂದ ತಟ್ಟಿ ಸಡಿಲಿಸಿದರು. ಚಿಕ್ಕಮ್ಮನ ಕೋಣೆಯ ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿಟ್ಟೆವು. ಅಜ್ಜಿಯ ಮಂಚ ಜಗಲಿಗೆ ಬಂತು. ಸೊಳ್ಳೆ ಕಚ್ಚುತ್ತದೆ ಎಂದು ಅಜ್ಜಿ ಗೊಣಗಿದಾಗ, ಚಿಕ್ಕಪ್ಪ ಹುಳುಮನೆಗೆ ತಂದು ಉಳಿದಿದ್ದ ನೈಲಾನ್ ಪರದೆಯನ್ನು ಅಳತೆಗೆ ಕತ್ತರಿಸಿ, ಮೊದಲು ಜಗಲಿಗೆ ಇಳಿಬಿಟ್ಟು, ಉಳಿದ ತುಂಡುಗಳನ್ನು ಕಿಟಕಿ ಕಿಟಕಿಗೂ ಮೊಳೆ ಹೊಡೆದು ಕೂರಿಸಿದರು.