ಹೈಪೋಫ್ರಾಕ್ಷನೇಶನ್ ಅಂದರೆ ಕಡಿಮೆ ಕಂತಿನ ಕರೆಂಟ್

ನಮ್ಮ ಕಲಬುರಗಿ ಕಡೆ ರೇಡಿಯೇಶನ್ ಅನ್ನುವವರು ಕಡಿಮೆ. ಕರೆಂಟ್ ಅಂತಾರೆ. "ಅಕಿಗಿ ಕರೆಂಟ್ ಕೊಡ್ಲತ್ತಾರ" ಅಂದರೆ ಸಾಕು, ಕಾಯಿಲೆ ಯಾವುದು ಅಂತ ಕೇಳಿದವರಿಗೆ ಗೊತ್ತಾಗಿಬಿಡುತ್ತದೆ. ಹೆಸರು ಕರೆಂಟ್ ಆದರೂ ಮೈಗೆ ಶಾಕ್ ಹೊಡೆಯುವುದೇನೂ ಇಲ್ಲ. ಎಕ್ಸ್‌ರೇ ತೆಗೆಸುವಾಗ ಇದ್ದ ಹಾಗೆ ಅಲುಗಾಡದೆ ಮಲಗಿರಬೇಕು, ಕೆಲವು ನಿಮಿಷದಲ್ಲಿ ಮುಗಿಯುತ್ತದೆ, ಆ ಹೊತ್ತಿನಲ್ಲಿ ನೋವಾಗುವುದಿಲ್ಲ.

ನಮ್ಮ ಚಿಗವ್ವನಿಗೆ ಸ್ತನ ಕ್ಯಾನ್ಸರ್ ಆಪರೇಶನ್ ಆದ ಮೇಲೆ ಡಾಕ್ಟರು 15 ಸಿಟ್ಟಿಂಗ್ ಅಂದರು. ನಮಗೆಲ್ಲ ಖುಷಿ. ಆಕೆ ಮಾತ್ರ ಅವತ್ತು ರಾತ್ರಿ ಊಟ ಮಾಡಲಿಲ್ಲ. "ಬಾಜು ಮನಿ ಅಕ್ಕಗ 25 ಕೊಟ್ಟಾರ, ನನಗ್ಯಾಕ 15? ರೊಕ್ಕ ಇಲ್ಲಂತ ಕಡಿಮಿ ಮಾಡ್ಯಾರೇನು?" ಅಂದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ ಪದವೇ ಹೈಪೋಫ್ರಾಕ್ಷನೇಶನ್.

ಹೈಪೋ ಅನ್ನುವುದು ಗ್ರೀಕ್ ಮೂಲದ ಮಾತು, ಕಡಿಮೆ ಅಂತ ಅರ್ಥ. ಫ್ರಾಕ್ಷನ್ ಅಂದರೆ ಪಾಲು. ನನಗೆ ಕೇಳಿದರೆ ಇಲ್ಲಿ ಅದಕ್ಕೆ ಸರಿಹೊಂದುವ ಕನ್ನಡ ಮಾತು ಕಂತು. ವಿಕಿರಣವನ್ನು ಒಂದೇ ದಿನ ಪೂರ್ತಿ ಕೊಡುವುದಿಲ್ಲ, ಕಂತು ಕಂತಾಗಿ ಕೊಡುತ್ತಾರೆ, ಯಾಕೆಂದರೆ ಎರಡು ಕಂತಿನ ನಡುವೆ ಸಿಗುವ ಬಿಡುವಿನಲ್ಲಿ ಒಳ್ಳೆಯ ಜೀವಕೋಶಗಳು ರಿಪೇರಿ ಆಗುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅಷ್ಟು ಚೆನ್ನಾಗಿ ಸುಧಾರಿಸಿಕೊಳ್ಳಲು ಆಗುವುದಿಲ್ಲ. ಹೈಪೋಫ್ರಾಕ್ಷನೇಶನ್‌ನಲ್ಲಿ ಕಡಿಮೆಯಾಗುವುದು ಕಂತುಗಳು. ಒಂದೊಂದು ಕಂತು ಮಾತ್ರ ಮೊದಲಿಗಿಂತ ದೊಡ್ಡದು.

ಲೆಕ್ಕ ನೋಡಿ. ವಿಕಿರಣ ಅಳೆಯುವ ಮಾಪಕ್ಕೆ ಗ್ರೇ ಅಂತಾರೆ. ಹಳೆಯ ಪದ್ಧತಿಯಲ್ಲಿ 50 ಗ್ರೇ, 25 ಕಂತು, ಕಂತಿಗೆ 2 ಗ್ರೇ. ವಾರಕ್ಕೆ 5 ದಿನದಂತೆ 5 ವಾರ. ಹೊಸದರಲ್ಲಿ 40 ಗ್ರೇ, 15 ಕಂತು, ಕಂತಿಗೆ ಸುಮಾರು 2.67 ಗ್ರೇ, 3 ವಾರ. ಒಟ್ಟು 50 ಇದ್ದದ್ದು 40 ಆಯಿತಲ್ಲ, ಅದೂ ಕಡಿತವಲ್ಲ. ಒಂದೇ ಸಲಕ್ಕೆ ಜಾಸ್ತಿ ಕೊಟ್ಟಾಗ ಪೆಟ್ಟು ಬರೀ ಕೂಡುವ ಲೆಕ್ಕಕ್ಕಿಂತ ಜೋರಾಗಿ ಬೀಳುತ್ತದೆ. ಹಾಗಾಗಿ ಒಟ್ಟು ಇಳಿಸಲೇಬೇಕು. ಕೆಲವರಿಗೆ ಗಡ್ಡೆ ಇದ್ದ ಜಾಗಕ್ಕೆ ಇನ್ನೂ ಕೆಲವು ಸಿಟ್ಟಿಂಗ್ ಸೇರಿಸುತ್ತಾರೆ, ಅದು ಬೂಸ್ಟ್.

ಇದನ್ನು ಸುಮ್ನೆ ಊಹೆ ಮೇಲೆ ಶುರು ಮಾಡಿದ್ದಲ್ಲ. ಬ್ರಿಟನ್ನಿನಲ್ಲಿ ಸ್ಟಾರ್ಟ್-ಬಿ ಅನ್ನುವ ಪರೀಕ್ಷೆ ನಡೆಯಿತು, 2215 ಹೆಂಗಸರ ಮೇಲೆ. 10 ವರ್ಷದ ಲೆಕ್ಕದಲ್ಲಿ, ಕಾಯಿಲೆ ಅದೇ ಎದೆಗೋ ಹತ್ತಿರದ ಗ್ರಂಥಿಗೋ ಮರಳಿದ್ದು 25 ಕಂತಿನವರಲ್ಲಿ ಶೇ. 5.5, 15 ಕಂತಿನವರಲ್ಲಿ ಶೇ. 4.3. ಎದೆ ಕುಗ್ಗುವುದು, ಬಾವು ಬರುವುದು ಕೂಡ 15 ಕಂತಿನವರಲ್ಲೇ ಕಡಿಮೆ. 2020ರಲ್ಲಿ ಬಂದ ಫಾಸ್ಟ್-ಫಾರ್ವರ್ಡ್ ಅನ್ನುವ ಅಧ್ಯಯನ ಇನ್ನೂ ಮುಂದೆ ಹೋಗಿ 26 ಗ್ರೇಯನ್ನು 5 ಕಂತಲ್ಲಿ, ಒಂದೇ ವಾರದಲ್ಲಿ ಕೊಟ್ಟು ನೋಡಿತು. 5 ವರ್ಷದಲ್ಲಿ ಅದೇ ಎದೆಯಲ್ಲಿ ಕಾಯಿಲೆ ಮರಳಿದ್ದು 15 ಕಂತಿನವರಲ್ಲಿ ಶೇ. 2.1, 5 ಕಂತಿನವರಲ್ಲಿ ಶೇ. 1.4. ಕೊರೊನಾ ಕಾಲದಲ್ಲಿ ರೋಗಿಗಳು ಆಸ್ಪತ್ರೆಗೆ ಬರುವುದನ್ನು ಕಡಿಮೆ ಮಾಡಲು ಎಷ್ಟೋ ದೇಶದ ಡಾಕ್ಟರುಗಳು ಇದನ್ನು ಬೇಗ ಬೇಗ ಕೈಗೆತ್ತಿಕೊಂಡರು.

ಇಷ್ಟೆಲ್ಲ ಗೊತ್ತಿದ್ದೂ ಎಲ್ಲ ಕಡೆ ಯಾಕೆ ಬರಲಿಲ್ಲ?

ಡಾಕ್ಟರುಗಳ ಹಿಂಜರಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. 1960, 70ರ ದಶಕದಲ್ಲಿ ದೊಡ್ಡ ಕಂತು ಕೊಟ್ಟು ಕೆಲವು ಕಡೆ ಹೆಂಗಸರಿಗೆ ಎದೆ ಗಟ್ಟಿಯಾಯಿತು, ತೋಳಿನ ನರ ಕೆಟ್ಟಿತು. ಅವತ್ತು ಒಟ್ಟು ಪ್ರಮಾಣವನ್ನು ಇಳಿಸಬೇಕಾದಷ್ಟು ಇಳಿಸಿರಲಿಲ್ಲ. ಆ ನೆನಪು ಪಾಠದ ಜೊತೆಗೇ ಬಂದಿದೆ. ಇನ್ನೊಂದು ಮಾತೂ ಇದೆ. ಮೊದಲ ಪರೀಕ್ಷೆಗಳಲ್ಲಿ ಹೆಚ್ಚಿನವರು ಬೇಗ ಪತ್ತೆಯಾಗಿ ಗಡ್ಡೆ ಮಾತ್ರ ತೆಗೆಸಿಕೊಂಡವರು. ನಮ್ಮ ಕಡೆ ಗಂಟು ಕೈಗೆ ಸಿಕ್ಕರೂ ಹೇಳಿಕೊಳ್ಳಲು ನಾಚಿ, ತಡವಾಗಿ ಬಂದು, ಪೂರ್ತಿ ಎದೆ ತೆಗೆಸಿಕೊಳ್ಳುವವರು ಬಹಳ. ಅಂಥವರಿಗೂ ಇದು ನಡೆಯುತ್ತದಾ ಅಂತ ನೋಡಲು 2019ರಲ್ಲಿ ಚೀನಾದ 820 ಹೆಂಗಸರ ಅಧ್ಯಯನ ಬರುವವರೆಗೆ ಕಾಯಬೇಕಾಯಿತು. ಅಲ್ಲಿ 43.5 ಗ್ರೇಯನ್ನು 15 ಕಂತಲ್ಲಿ ಕೊಟ್ಟಿದ್ದು 50 ಗ್ರೇಗೆ ಸಮನಾಗಿ ನಿಂತಿತು.

ಮಶೀನಿನ ಮಾತಿಗೆ ಬಂದರೆ, ಪ್ರೋಟಾನ್ ಚಿಕಿತ್ಸೆಯ ಹಾಗೆ ಇದಕ್ಕೆ ಕೋಟಿಗಟ್ಟಲೆ ಹಾಕಿ ಹೊಸ ಮಶೀನು ತರಬೇಕಿಲ್ಲ. ಆದರೆ ಕಂತು ದೊಡ್ಡದಾದಷ್ಟೂ ಗುರಿ ತಪ್ಪಿದಾಗ ಆಗುವ ನಷ್ಟವೂ ದೊಡ್ಡದು. ಸಿ.ಟಿ. ಸ್ಕ್ಯಾನ್ ಇಟ್ಟುಕೊಂಡು ಎಷ್ಟು ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕುವ ಫಿಸಿಸಿಸ್ಟ್ ಬೇಕು. ಎಡಗಡೆ ಎದೆಯಾದರೆ ಕೆಳಗೇ ಹೃದಯ ಇರುತ್ತದಲ್ಲ, ಅದನ್ನು ಉಳಿಸಲು ಉಸಿರು ಹಿಡಿದುಕೊಳ್ಳುವುದನ್ನು ಕೆಲವು ಕಡೆ ಕಲಿಸುತ್ತಾರೆ. ಇಂಥ ಕೈಗಳು ಸಣ್ಣ ಊರುಗಳಿಗೆ ಸುಲಭವಾಗಿ ಸಿಗುವುದಿಲ್ಲ.

ಆಮೇಲೆ ರೊಕ್ಕ. ಎಷ್ಟು ಸಿಟ್ಟಿಂಗೋ ಅಷ್ಟು ಬಿಲ್ ಅನ್ನುವ ವ್ಯವಸ್ಥೆ ಇದ್ದಲ್ಲಿ 25ನ್ನು 15ಕ್ಕೆ ಇಳಿಸಿದರೆ ಆಸ್ಪತ್ರೆಗೆ ಆದಾಯ ಇಳಿಯುತ್ತದೆ. ಅಮೆರಿಕದಲ್ಲಿ ಈ ಚಿಕಿತ್ಸೆ ನಿಧಾನವಾಗಿ ಹರಡಿದ್ದಕ್ಕೆ ಇದೂ ಒಂದು ಕಾರಣ ಅಂತ ಅಲ್ಲಿನವರೇ ಹೇಳುತ್ತಾರೆ. ಸರ್ಕಾರವೇ ಆಸ್ಪತ್ರೆ ನಡೆಸುವ ಬ್ರಿಟನ್ನಿನಲ್ಲಿ ಮಾತ್ರ 2009ರ ಹೊತ್ತಿಗೇ 15 ಕಂತು ಅಧಿಕೃತ ಸಲಹೆಯಾಗಿತ್ತು.

ನನಗೆ ಹೊಟ್ಟೆ ಉರಿಯುವುದು ಎಲ್ಲಿ ಅಂದರೆ, ಕಡಿಮೆ ಕಂತು ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವರಿಗೇ ಅದು ತಡವಾಗಿ ತಲುಪುತ್ತದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ. ಆದರೆ ಔರಾದ್ ಕಡೆಯಿಂದಲೋ ಸುರಪುರದ ಹಳ್ಳಿಯಿಂದಲೋ ದಿನಾ ಬಂದು ಹೋಗುವುದು ಆಗದ ಮಾತು. ಹೆಂಗಸಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಸರಿ. ಜೊತೆಗೆ ಬರುವ ಗಂಡನಿಗೋ ಮಗನಿಗೋ ಟಿಕೆಟ್ ಬೇಕು, ಅವನ ಕೂಲಿ ಹೋಯಿತು, ರೂಮು ಬಾಡಿಗೆ, ಊಟ. ಬೀದರಿನವರು ಹೈದರಾಬಾದಿಗೆ ಹೋದರೆ ಗಡಿ ದಾಟಿದ ಮೇಲೆ ಆ ಪುಕ್ಕಟೆ ಬಸ್ಸೂ ಇಲ್ಲ. ತೊಗರಿ ರಾಶಿ ಹೊತ್ತಿಗೆ 5 ವಾರ ಊರು ಬಿಡಿ ಅಂದರೆ ಯಾರು ಬಿಟ್ಟಾರು? ಹಿಂಗಾಗಿ ಎಷ್ಟೋ ಜನ 10–12 ಸಿಟ್ಟಿಂಗ್‌ಗೆ ಮನೆಗೆ ಹೋಗಿಬಿಡುತ್ತಾರೆ, ಇಲ್ಲ ಕರೆಂಟೇ ಬೇಡ, ಎದೆ ಪೂರ್ತಿ ತೆಗೆದುಬಿಡಿ ಅಂತಾರೆ. ಅರ್ಧಕ್ಕೆ ಬಿಟ್ಟ 25ಕ್ಕಿಂತ ಮುಗಿಸಿದ 15 ಎಷ್ಟೋ ಮೇಲು, ಅಲ್ವಾ?

ಇನ್ನು ಚಿಗವ್ವನ ಹೆದರಿಕೆ. ಕಡಿಮೆ ಅನ್ನುವ ಮಾತು ಕೇಳಿದ ಕೂಡಲೇ ಬಡವರ ಕಿವಿಗೆ ಅದು ಕಳಪೆ ಅಂತಲೇ ಬೀಳುತ್ತದೆ. ಯಾರೂ ಕೂತು ಬಿಡಿಸಿ ಹೇಳದಿದ್ದರೆ ರೋಗಿಯೇ 25 ಬೇಕು ಅಂತ ಹಟ ಹಿಡಿಯುತ್ತಾಳೆ. ಮೇಲಿನ 2 ಮತ್ತು 2.67ರ ಲೆಕ್ಕವನ್ನು ನಾನು ಆಕೆಗೆ ಹೇಳಿದ್ದು ರೊಟ್ಟಿಯಲ್ಲಿ. ಸಣ್ಣ ರೊಟ್ಟಿ 25 ಬಡಿದರೂ ದೊಡ್ಡವು 15 ಬಡಿದರೂ ಹೊಟ್ಟೆ ತುಂಬುತ್ತದೆ ಅಂದೆ. ಪೂರ್ತಿ ಸರಿಯಾದ ಹೋಲಿಕೆ ಅಲ್ಲ ಅದು, ಗೊತ್ತು. ಆದರೆ ಮರುದಿನ ಸಿಟ್ಟಿಂಗ್‌ಗೆ ಹೊರಟಳು.

ಎಲ್ಲರಿಗೂ 15 ಅಥವಾ 5 ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಗ್ರಂಥಿಗಳಿಗೂ ಕೊಡಬೇಕಾ, ಎದೆಯನ್ನು ಮತ್ತೆ ಕಟ್ಟಿಸಿಕೊಂಡಿದ್ದಾರಾ, ಇಂಥದ್ದೆಲ್ಲ ನೋಡಿ ಡಾಕ್ಟರೇ ತೀರ್ಮಾನಿಸಬೇಕು. ಆದರೆ ಮೊದಲ ದಿನವೇ ಕೇಳಿಬಿಡಿ, ನಮ್ಮ ಮಾತಿನಲ್ಲೇ ಕೇಳಿ: "ಡಾಕ್ಟ್ರೇ, ನಮ್ಮವ್ವಗ 25ರ ಬದಲಿ 15 ಸಿಟ್ಟಿಂಗ್ ಆಗ್ತಾವೇನ್ರಿ? ಆಗಂಗಿಲ್ಲಂದ್ರ ಯಾಕಾಗಂಗಿಲ್ರಿ?"