ಸರ್ಕಾರದ ಟೈಮ್ ಒಪ್ಪದ ರಾಜಾಬಾಯಿ ಗಡಿಯಾರ

ಮುಂಬೈನ ಓವಲ್ ಮೈದಾನದ ಎದುರಿಗೆ 280 ಅಡಿ ಎತ್ತರದ ರಾಜಾಬಾಯಿ ಗೋಪುರ ಇದೆಯಲ್ಲ, ಅದರ ಗಡಿಯಾರ ಒಂದು ಕಾಲಕ್ಕೆ ಸರ್ಕಾರದ ಟೈಮಿಗಿಂತ ಅರ್ಧ ಗಂಟೆ ಹಿಂದೆ ಇತ್ತು. ಕೆಟ್ಟಿರಲಿಲ್ಲ. ಬೇಕೆಂದೇ ಹಾಗಿಟ್ಟಿದ್ದರು.

ಈ ಗೋಪುರದ ಬೇರು ಹತ್ತಿಯಲ್ಲಿದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ ಬೊಂಬಾಯಿಯ ವ್ಯಾಪಾರಿಗಳು ದುಡ್ಡಿನಲ್ಲೇ ಮುಳುಗೆದ್ದರು. ಅವರಲ್ಲಿ ದೊಡ್ಡ ಕುಳ ಪ್ರೇಮಚಂದ್ ರಾಯಚಂದ್. 1864ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಗೋಪುರಕ್ಕೆ 2 ಲಕ್ಷ ರೂಪಾಯಿ ಕೊಟ್ಟು, ತಾಯಿ ರಾಜಾಬಾಯಿ ಹೆಸರಿಡಿ ಎಂದರು. ಮರುವರ್ಷವೇ ಯುದ್ಧ ಮುಗಿಯಿತು, ಹತ್ತಿ ಬೆಲೆ ಬಿತ್ತು, ಪ್ರೇಮಚಂದರೂ ದಿವಾಳಿ. ದಾನ ಒಂದು ವರ್ಷ ತಡವಾಗಿದ್ದರೆ?

ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಜೈನರಾದ್ದರಿಂದ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಬೇಕಿತ್ತು, ಅದಕ್ಕೇ ಮಗ ಗಂಟೆ ಕಟ್ಟಿಸಿದ ಎಂದು ಒಂದು ಕಥೆ ಇದೆ. ಕಥೆ ಚೆನ್ನಾಗಿದೆ. ಆದರೆ ಕೆಲಸ ಶುರುವಾಗಿದ್ದೇ 1869ರಲ್ಲಿ, ಮುಗಿದಿದ್ದು 1878ರ ನವೆಂಬರಿನಲ್ಲಿ. ಊಟಕ್ಕೆ ಅಷ್ಟು ದಿನ ಕಾಯೋಕಾಗುತ್ತಾ?

ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನಲ್ಲೇ ಕೂತು ಬರೆದರು, ಭಾರತಕ್ಕೆ ಬರಲೇ ಇಲ್ಲ. ಗೋಪುರ ಮುಗಿಯುವ ಕೆಲವು ತಿಂಗಳ ಮೊದಲು ತೀರಿಕೊಂಡರು. ಶೈಲಿ ವೆನಿಸ್ ಮತ್ತು ಗಾಥಿಕ್ (ಯುರೋಪಿನ ಹಳೇ ಚರ್ಚುಗಳ ಚೂಪು ಕಮಾನಿನ ಶೈಲಿ) ಬೆರಕೆ, ಕಲ್ಲು ಮಾತ್ರ ಪಕ್ಕದ ಕುರ್ಲಾದ್ದು. ಕೆಳಗೆ ಬಣ್ಣದ ಗಾಜಿನ ಕಿಟಕಿಗಳ ಗ್ರಂಥಾಲಯ. ನನಗೆ ಇಷ್ಟ ಆಗುವುದು ಮೇಲಿನ 24 ಕಲ್ಲಿನ ಮೂರ್ತಿಗಳು. ದೇವರೂ ಅಲ್ಲ, ಲಾರ್ಡುಗಳೂ ಅಲ್ಲ. ಪಶ್ಚಿಮ ಭಾರತದ ಬೇರೆ ಬೇರೆ ಜಾತಿಯ ಜನ, ಅವರವರ ಉಡುಗೆಯಲ್ಲಿ. 16 ಗಂಟೆಗಳು ರಾಗ ನುಡಿಸುತ್ತಿದ್ದವು, ಬ್ರಿಟಿಷರ ರಾಷ್ಟ್ರಗೀತೆಯೂ ಅದರಲ್ಲಿತ್ತು.

ಈಗ ಜಗಳಕ್ಕೆ ಬರೋಣ. ಆಗ ಊರೂರಿಗೂ ಅದರದೇ ಸೂರ್ಯನ ಟೈಮ್. ರೈಲು, ತಂತಿಗೆ ಮಾತ್ರ ಮದ್ರಾಸ್ ಟೈಮ್, ಅದು ಬೊಂಬಾಯಿಗಿಂತ ಅರ್ಧ ಗಂಟೆ ಮುಂದೆ. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗುಸನ್ ಬೊಂಬಾಯಿಯ ಸರ್ಕಾರಿ ಕಚೇರಿಗಳೂ ಮದ್ರಾಸ್ ಟೈಮಿಗೆ ನಡೆಯಲಿ ಎಂದರು. ನಮ್ಮೂರ ಮಧ್ಯಾಹ್ನವನ್ನು ಮದ್ರಾಸ್ ಯಾಕೆ ತೀರ್ಮಾನಿಸಬೇಕು ಎಂದು ಜನ ರೇಗಿದರು. ಹೊಸ ಗೋಪುರವೂ ಬೊಂಬಾಯಿ ಟೈಮನ್ನೇ ತೋರಿಸಿತು. ಹಾಗಾದರೆ ಗಡಿಯಾರದ ದೀಪಕ್ಕೆ ದುಡ್ಡಿಲ್ಲ ಎಂದಿತು ಸರ್ಕಾರ! 1883ರಲ್ಲಿ ಸರ್ಕಾರವೇ ಸೋತು ಹಳೇ ಟೈಮಿಗೆ ಮರಳಿತು.

1906ರ ಜನವರಿ 1ಕ್ಕೆ ಇಡೀ ದೇಶಕ್ಕೆ ಒಂದೇ ಟೈಮ್ ಬಂದಾಗ ಮತ್ತೆ ಅದೇ ರಗಳೆ, ಈ ಸಲ ವ್ಯತ್ಯಾಸ 39 ನಿಮಿಷ. ಗಿರಣಿ ಕಾರ್ಮಿಕರು ಬೀದಿಗಿಳಿದರು. ಊರಿನ ದೊಡ್ಡ ನಾಯಕ ಫಿರೋಜ್‌ಶಾ ಮೆಹ್ತಾ ಮುಂದೆ ನಿಂತು ನಗರಸಭೆಯಲ್ಲಿ ಬೊಂಬಾಯಿ ಟೈಮ್ ಉಳಿಸಿದರು. ಹೀಗೆ ರೈಲಿಗೆ ಒಂದು ಟೈಮ್, ಊರಿಗೆ ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಹಾಗೇ ನಡೆಯಿತು.